ಒಳ್ಳೆ ಸ್ಕೂಲು, ಎಲ್ಲಾ ಥರದ ಮಕ್ಕಳು: ಯಾವ ಏರಿಯಾ ಅಕ್ಕಾ?

ಫೆಬ್ರವರಿ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ಡಲ್ಲಾಸ್‌ನಿಂದ, ನ್ಯೂಜೆರ್ಸಿಯಿಂದ, ಕೆಲವೊಮ್ಮೆ ಸೀದಾ ಬೆಂಗಳೂರಿನಿಂದ. "ಅಕ್ಕಾ, ಇವರಿಗೆ ನಿಮ್ಮೂರಲ್ಲಿ ಕೆಲಸ ಸಿಕ್ಕಿದೆ. ಒಳ್ಳೆ ಸ್ಕೂಲ್ ಇರೋ ಏರಿಯಾ ಯಾವುದು? ಆದ್ರೆ ಬರೀ ನಮ್ಮವರೇ ತುಂಬಿರಬಾರದು. ಎಲ್ಲಾ ಥರದ ಮಕ್ಕಳೂ ಇರಬೇಕು."

ನಮ್ಮೂರು ಅಂದರೆ ನಾರ್ತ್ ಕೆರೊಲಿನಾದ ರಾಲೀ. ಅದಕ್ಕೆ ಅಂಟಿಕೊಂಡ ಹಾಗೆ ಕ್ಯಾರಿ, ಮೋರಿಸ್‌ವಿಲ್. ಹೆಚ್ಚು ಕಡಿಮೆ ಎಲ್ಲವೂ ವೇಕ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸೇರಿದವು.

ನಾನು ಮೊದಲು ತಿರುಗಿ ಕೇಳುತ್ತೇನೆ: "ಎಲ್ಲಾ ಥರದ ಮಕ್ಕಳು ಅಂದ್ರೆ ಯಾರಮ್ಮಾ?" ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಕೆದಕಿದರೆ ಗೊತ್ತಾಗುತ್ತದೆ. ಬಿಳಿಯರು ಜಾಸ್ತಿ, ನಮ್ಮವರು ಸಾರಿಗೆ ಉಪ್ಪಿನಷ್ಟು. ಅಷ್ಟಿದ್ದರೆ ಸಾಕು, ವೈವಿಧ್ಯ ಆಯಿತು. ಕಪ್ಪು ಮಕ್ಕಳು, ಲ್ಯಾಟಿನೋ ಮಕ್ಕಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬೈಯುತ್ತಿಲ್ಲ. ನಾನೂ ಅದೇ ಲೆಕ್ಕ ಇಟ್ಟುಕೊಂಡು ಬಂದವಳು.

ಹನ್ನೊಂದು ವರ್ಷದ ಹಿಂದೆ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನೆ ಹುಡುಕುವ ಸೈಟಿನಲ್ಲಿ ಪ್ರತಿ ಮನೆಯ ಕೆಳಗೂ ಶಾಲೆಯ ರೇಟಿಂಗ್ ಇರುತ್ತದಲ್ಲ, 1ರಿಂದ 10ರವರೆಗೆ? ಅದರಲ್ಲಿ 9 ನೋಡಿಕೊಂಡು ಮನೆ ಹಿಡಿದೆವು. ಏಜೆಂಟ್ ಕೂಡ ಅದೇ ಶಾಲೆಯ ಹೆಸರು ಹೇಳಿದ್ದರು. ಹೆಸರು ಬರೆಸಲು ಹೋದಾಗ ಗೊತ್ತಾಯಿತು, ಆ ಶಾಲೆ ತುಂಬಿದೆ, ಹೊಸಬರಿಗೆ ಜಾಗ ಇಲ್ಲ. ಇಲ್ಲಿ ಇದಕ್ಕೆ 'ಕ್ಯಾಪ್' ಅನ್ನುತ್ತಾರೆ. ನಿಮ್ಮ ವಿಳಾಸಕ್ಕೆ ಒಂದು ಬೇಸ್ ಸ್ಕೂಲ್ ಇರುತ್ತದೆ. ಅದು ಕ್ಯಾಪ್ ಆಗಿದ್ದರೆ ಬೇರೆ ಶಾಲೆಗೆ ಕಳಿಸುತ್ತಾರೆ. ನಮ್ಮ ಮಗಳಿಗೆ ಸಿಕ್ಕಿದ್ದು ರೇಟಿಂಗ್ 5ರ ಶಾಲೆ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆ ಶಾಲೆ ಚೆನ್ನಾಗಿಯೇ ಇತ್ತು. ಸಿನಿಮಾದ ಹಾಗೆ ಎಲ್ಲ ಸುಖಾಂತ್ಯ ಅಂತೇನೂ ಅಲ್ಲ. ಗಣಿತ ನಾನು ಮನೆಯಲ್ಲಿ ಹೇಳಿಕೊಡಬೇಕಾಯಿತು. ಆದರೆ ಆ 5 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಿದ್ದರಿಂದಲೇ ಇವತ್ತು ಫೋನ್ ಮಾಡಿದವರಿಗೆ ನಾನು ಏನಾದರೂ ಹೇಳಬಲ್ಲೆ.

ಆ ಸೈಟಿನ ಅಂಕಿಯ ಹಿಂದೆ ಇರುವುದು ಹೆಚ್ಚಾಗಿ ಪರೀಕ್ಷೆಯ ಅಂಕಗಳೇ. ಸರ್ಕಾರದ ಲೆಕ್ಕವೂ ಅದೇ ಥರ. ನಾರ್ತ್ ಕೆರೊಲಿನಾ ಸರ್ಕಾರ ಪ್ರತಿ ಶಾಲೆಗೂ ಎ, ಬಿ, ಸಿ, ಡಿ, ಎಫ್ ಅಂತ ಗ್ರೇಡ್ ಕೊಡುತ್ತದೆ. 100ರಲ್ಲಿ 80 ಭಾಗ ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ತೆಗೆದರು ಅನ್ನುವುದಕ್ಕೆ. ಉಳಿದ 20 ಭಾಗ ಮಾತ್ರ ವರ್ಷದಲ್ಲಿ ಮಗು ಎಷ್ಟು ಮುಂದೆ ಬಂತು ಅನ್ನುವುದಕ್ಕೆ. ಈಗ ಯೋಚನೆ ಮಾಡಿ. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರು, ಸಂಜೆ ಟ್ಯೂಷನ್, ಶನಿವಾರ ಅಬ್ಯಾಕಸ್. ಆ ಮಗು ಶಾಲೆಯಲ್ಲಿ ಏನೂ ಕಲಿಯದಿದ್ದರೂ ಒಳ್ಳೆ ಅಂಕ ತರುತ್ತದೆ, ಶಾಲೆಗೆ ಎ ಬರುತ್ತದೆ. ಅಮ್ಮ ಎರಡೆರಡು ಕಡೆ ಕೆಲಸಕ್ಕೆ ಹೋಗುವ ಮನೆಯ ಮಗುವನ್ನು ಟೀಚರ್ ಒಂದೇ ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿಸಿದರೂ ಆ ಶಾಲೆಗೆ ಸಿ. ಗ್ರೇಡ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಶಾಲೆಯ ಬಗ್ಗೆ ಹೇಳುವುದಕ್ಕಿಂತ ಸುತ್ತಲಿನ ಮನೆಗಳ ಸಂಬಳದ ಬಗ್ಗೆ ಜಾಸ್ತಿ ಹೇಳುತ್ತದೆ, ಅಷ್ಟೇ. ಹಾಗಾಗಿ ರಾಜ್ಯದ ರಿಪೋರ್ಟ್ ಕಾರ್ಡ್ ತೆರೆದರೆ ಮೊದಲು 'ಗ್ರೋತ್' ನೋಡಿ. ನಿರೀಕ್ಷೆಗಿಂತ ಜಾಸ್ತಿ, ನಿರೀಕ್ಷೆಯಷ್ಟು, ನಿರೀಕ್ಷೆಗಿಂತ ಕಡಿಮೆ ಅಂತ ಮೂರೇ ದರ್ಜೆ. ಸಿ ಗ್ರೇಡ್ ಇದ್ದು ಗ್ರೋತ್ ಜಾಸ್ತಿ ಇರುವ ಶಾಲೆ ಕಂಡರೆ ಅಲ್ಲಿ ಟೀಚರುಗಳು ಕೆಲಸ ಮಾಡುತ್ತಿದ್ದಾರೆ ಅಂತಲೇ ಅರ್ಥ.

ಇನ್ನು ಬಣ್ಣದ ವಿಷಯ. ಇದಕ್ಕೆ ಈ ಊರಿನ ಕಥೆ ಸ್ವಲ್ಪ ಗೊತ್ತಿರಬೇಕು.

ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಅದಾದ ಮೇಲೂ ರಾಲೀ ನಗರದ ಶಾಲೆಗಳ ಆಡಳಿತವೇ ಬೇರೆ, ಸುತ್ತಲಿನ ಕೌಂಟಿ ಶಾಲೆಗಳದ್ದೇ ಬೇರೆ ಆಗಿತ್ತು. ಬಿಳಿಯರು ಹೊರವಲಯಕ್ಕೆ ಮನೆ ಬದಲಿಸುತ್ತಾ ಹೋದರು, ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳು ಉಳಿದರು. 1976ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿದರು. 1982ರಲ್ಲಿ ಮ್ಯಾಗ್ನೆಟ್ ಶಾಲೆಗಳು ಬಂದವು. ನಗರದ ನಡುವೆ, ಕಪ್ಪು ಜನ ಜಾಸ್ತಿ ಇರುವ ಕಡೆಯ ಶಾಲೆಗಳಿಗೆ ಸಂಗೀತ, ನಾಟಕ, ಭಾಷೆ, ವಿಜ್ಞಾನ ಅಂತ ವಿಶೇಷ ಪಾಠಗಳನ್ನು ಕೊಟ್ಟು, ದೂರದ ಏರಿಯಾಗಳ ಮಕ್ಕಳು ತಾವಾಗಿಯೇ ಬಸ್ ಹತ್ತಿ ಬರುವ ಹಾಗೆ ಮಾಡಿದರು. ಲಿಗನ್ ಅಂತ ಒಂದು ಶಾಲೆ ಇದೆ. 1953ರಲ್ಲಿ ಕಪ್ಪು ಮಕ್ಕಳಿಗೆಂದೇ ಶುರುವಾದ ಹೈಸ್ಕೂಲು ಅದು. ಆಮೇಲೆ ಮ್ಯಾಗ್ನೆಟ್ ಮಿಡಲ್ ಸ್ಕೂಲ್ ಆಗಿ, ಕ್ಯಾರಿಯ ಅಪ್ಪ ಅಮ್ಮಂದಿರೂ ಸೀಟಿಗೆ ಅರ್ಜಿ ಹಾಕುವಂತಾಯಿತು.

2000ದಲ್ಲಿ, ಮಕ್ಕಳನ್ನು ಶಾಲೆಗಳಿಗೆ ಹಂಚುವಾಗ ಬಣ್ಣದ ಲೆಕ್ಕ ಬಿಟ್ಟು ಹಣದ ಲೆಕ್ಕ ಹಿಡಿದರು. ಯಾವ ಶಾಲೆಯಲ್ಲೂ ಉಚಿತ ಅಥವಾ ರಿಯಾಯಿತಿ ಊಟ ಪಡೆಯುವ, ಅಂದರೆ ಕಡಿಮೆ ಆದಾಯದ ಮನೆಯ ಮಕ್ಕಳು ಶೇ. 40 ದಾಟದಂತೆ ನೋಡಿಕೊಳ್ಳುವುದು ಗುರಿ. ದೇಶದ ತುಂಬಾ ಇದರ ಮಾತಾಯಿತು. ಆದರೆ ಊರು ಬೆಳೆದ ಹಾಗೆ ಮಕ್ಕಳನ್ನು ಶಾಲೆಯಿಂದ ಶಾಲೆಗೆ ಎತ್ತಿ ಹಾಕುವುದು ಜಾಸ್ತಿಯಾಯಿತು. 'ನಮ್ಮ ಏರಿಯಾದ ಶಾಲೆ ನಮ್ಮ ಮಕ್ಕಳಿಗೆ' ಅನ್ನುವವರು 2009ರ ಶಾಲಾ ಮಂಡಳಿ ಚುನಾವಣೆಯಲ್ಲಿ ಗೆದ್ದರು. 2010ರ ಮಾರ್ಚ್‌ನಲ್ಲಿ 5-4 ಮತದಿಂದ ಆ ನೀತಿ ಹೋಯಿತು. ನಮ್ಮ ಕಡೆ ಆರ್‌ಟಿಇ ಬಂದು, ಖಾಸಗಿ ಶಾಲೆಗಳು ಶೇ. 25 ಸೀಟು ಬಡ ಮಕ್ಕಳಿಗೆ ಕೊಡಬೇಕು ಅಂದಾಗ ಎದ್ದ ಗಲಾಟೆ ನೆನಪಿದೆಯಲ್ಲ? ಸ್ವರ ಹೆಚ್ಚು ಕಡಿಮೆ ಅದೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇಲ್ಲಿ ಶಾಲೆಯಲ್ಲಿ ಎಲ್ಲರೂ ಬೆರೆತಿದ್ದರೆ ಅದು ತಾನಾಗಿ ಆದದ್ದಲ್ಲ, ಯಾವ ಏರಿಯಾ ಯಾವ ಶಾಲೆಗೆ ಅಂತ ಯಾರೋ ಕೂತು ಗೆರೆ ಎಳೆದಿದ್ದರಿಂದ ಆದದ್ದು. ಗೆರೆ ಬದಲಾದರೆ ಅದೂ ಬದಲಾಗುತ್ತದೆ. ಹೊಸ ಮನೆಗಳು ಎದ್ದ ಕಡೆ ಎರಡು ಮೂರು ವರ್ಷಕ್ಕೇ ಬದಲಾಗಬಹುದು. ಶಾಲೆಯ ಹೆಸರು ನಂಬಿ ಮೂವತ್ತು ವರ್ಷದ ಸಾಲ ಮಾಡಬೇಡಿ.

ಏಜೆಂಟನ್ನು ಕೇಳೋಣ ಅಂದರೆ ಅವರು ಬಾಯಿ ಬಿಡುವುದಿಲ್ಲ. 'ಇಲ್ಲಿ ಎಂಥಾ ಜನ ಇದ್ದಾರೆ?' ಅಂದರೆ ನಕ್ಕು ಮಾತು ಬದಲಿಸುತ್ತಾರೆ. ಸೊಕ್ಕು ಅಂದುಕೊಳ್ಳಬೇಡಿ. ಬಣ್ಣ, ಧರ್ಮ ನೋಡಿ ಗಿರಾಕಿಯನ್ನು ಒಂದು ಏರಿಯಾ ಕಡೆ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ತಪ್ಪು. ಬಾಡಿಗೆ ಮನೆಯ ಬಾಗಿಲಲ್ಲೇ 'ನೀವು ಯಾವ ಜನ?' ಅಂತ ಕೇಳಿಸಿಕೊಂಡು ಬಂದ ನಮಗೆ ಇದು ವಿಚಿತ್ರ ಅನಿಸುತ್ತದೆ. ಪ್ರತಿ ಶಾಲೆಯಲ್ಲಿ ಯಾವ ಬಣ್ಣದ ಮಕ್ಕಳು ಎಷ್ಟಿದ್ದಾರೆ ಅನ್ನುವುದನ್ನು ಸರ್ಕಾರವೇ ಪ್ರಕಟಿಸುತ್ತದೆ, ನೀವೇ ನೋಡಿಕೊಳ್ಳಿ.

ಆದರೆ ಬರೀ ಆ ಅಂಕಿ ನೋಡಿ ಖುಷಿಪಡಬೇಡಿ. ಇಲ್ಲಿ ಬುದ್ಧಿವಂತ ಮಕ್ಕಳಿಗೆ ಅಂತ ಎಐಜಿ ಎಂಬ ಬೇರೆ ಪಾಠ ಇರುತ್ತದೆ, ಮೂರನೇ ಕ್ಲಾಸಿನಲ್ಲಿ ಪರೀಕ್ಷೆ ಮಾಡಿ ಆರಿಸುತ್ತಾರೆ. ನಾನು ಹೋಗಿ ನೋಡಿದ ಒಂದು ಶಾಲೆಯಲ್ಲಿ ಕಾರಿಡಾರ್ ತುಂಬಾ ಎಲ್ಲಾ ಬಣ್ಣದ ಮಕ್ಕಳು. ಆ ಎಐಜಿ ಕೋಣೆಯ ಬಾಗಿಲು ತೆಗೆದರೆ ಬಿಳಿಯರು ಮತ್ತು ನಮ್ಮವರು, ಅಷ್ಟೇ. ಒಂದೇ ಸೂರಿನ ಕೆಳಗೆ ಎರಡು ಶಾಲೆ. ಆದ್ದರಿಂದ ಶಾಲೆ ನೋಡಲು ಹೋದಾಗ ಲೈಬ್ರರಿ ತೋರಿಸುತ್ತಾರೆ, ಅದು ಬಿಡಿ. ಊಟದ ಹೊತ್ತಿಗೆ ಹೋಗಿ. ಯಾರ ಪಕ್ಕ ಯಾರು ಕೂತಿದ್ದಾರೆ ನೋಡಿ. ಗಣಿತದ ಮೇಲಿನ ಗುಂಪಿನಲ್ಲಿ ಯಾರಿದ್ದಾರೆ ಕೇಳಿ. ಕಪ್ಪು ಟೀಚರುಗಳು ಎಷ್ಟಿದ್ದಾರೆ ಕೇಳಿ. ಸ್ವಲ್ಪ ಮುಜುಗರ ಆಗುತ್ತದೆ, ಆದರೂ ಕೇಳಿ.

ಸರಿ ಅಕ್ಕಾ, ಏರಿಯಾ ಹೆಸರು ಹೇಳಿ ಅಂತೀರಾ? ಮೋರಿಸ್‌ವಿಲ್ ಮತ್ತು ಕ್ಯಾರಿಯ ಪಶ್ಚಿಮದ ಕಡೆ ನಮ್ಮವರು ತುಂಬಾ. ದೇವಸ್ಥಾನ ಹತ್ತಿರ, ಮೊಸರಿಗೆ, ದೋಸೆಹಿಟ್ಟಿಗೆ ತೊಂದರೆ ಇಲ್ಲ. ಊರಿಂದ ಅತ್ತೆ ಮಾವ ಬಂದರೆ ಅವರಿಗೂ ಜೊತೆ ಸಿಗುತ್ತದೆ. ಅದು ಬೇಕಿದ್ದರೆ ನಾಚಿಕೆಯಿಲ್ಲದೆ ಅಲ್ಲೇ ಮನೆ ಮಾಡಿ. ಎಲ್ಲರೂ ಬೆರೆತ ಶಾಲೆ ಬೇಕಿದ್ದರೆ ನಾನು ಹೇಳುವ ಗುರುತು ಒಂದೇ: ಅಪಾರ್ಟ್‌ಮೆಂಟ್ ಮಕ್ಕಳೂ, ಸ್ವಂತ ಮನೆಯ ಮಕ್ಕಳೂ ಒಂದೇ ಬೇಸ್ ಸ್ಕೂಲಿಗೆ ಹೋಗುವ ಕಡೆ ಹುಡುಕಿ. ಹಳೇ ಕ್ಯಾರಿ, ರಾಲೀಯ ಕೆಲವು ಭಾಗ, ಪೂರ್ವಕ್ಕೆ ನೈಟ್‌ಡೇಲ್ ಕಡೆ ನೋಡಿ. ಪಶ್ಚಿಮಕ್ಕಿಂತ ಪೂರ್ವದಲ್ಲಿ ಮನೆಗಳೂ ಅಗ್ಗ. ಮನೆ ಎಲ್ಲೇ ಇರಲಿ, ಮ್ಯಾಗ್ನೆಟ್‌ಗೆ ಒಂದು ಅರ್ಜಿ ಹಾಕಿ. ಅದರ ಅರ್ಜಿ ಹಿಂದಿನ ಚಳಿಗಾಲದಲ್ಲೇ ಮುಗಿದಿರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬಂದಿಳಿದವರಿಗೆ ಮೊದಲ ವರ್ಷ ಬೇಸ್ ಸ್ಕೂಲೇ ಗತಿ. ಆ ವರ್ಷ ಬಾಡಿಗೆಗೇ ಇರಿ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಇಲ್ಲಿ ಕೆಲವು ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ. ಒಂಬತ್ತು ವಾರ ಶಾಲೆ, ಮೂರು ವಾರ ರಜೆ. ಮಕ್ಕಳನ್ನು ನಾಲ್ಕು ಟ್ರ್ಯಾಕ್, ಅಂದರೆ ಬೇರೆ ಬೇರೆ ಸಮಯಕ್ಕೆ ರಜೆ ಇರುವ ಗುಂಪು ಮಾಡಿ ಹಂಚಿರುತ್ತಾರೆ. ಅವು ಜುಲೈನಲ್ಲೇ ಶುರು. ಆಗಸ್ಟ್ ತನಕ ಸಮಯ ಇದೆ ಅಂದುಕೊಂಡು ಮೈಸೂರಿನಲ್ಲಿ ಕೂತಿರಬೇಡಿ. ಹೆಸರು ಬರೆಸಲು ಬಾಡಿಗೆ ಕರಾರು, ಮಗುವಿನ ಜನನ ಪತ್ರ, ಲಸಿಕೆ ದಾಖಲೆ ಬೇಕು. ಲಸಿಕೆ ಪುಸ್ತಕವನ್ನು ದಯವಿಟ್ಟು ಹಡಗಿನಲ್ಲಿ ಬರುವ ಪಾತ್ರೆಗಳ ಡಬ್ಬದಲ್ಲಿ ಹಾಕಬೇಡಿ. ನಾನು ಹಾಕಿದ್ದೆ.