ರಸ್ತೆ ಮುಚ್ಚಿದ ಮೇಲಿನ ಸಾವುಗಳು

2017ರ ಸೆಪ್ಟೆಂಬರ್ 20ರಂದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪವನ್ನು ಮರಿಯಾ ಚಂಡಮಾರುತ ಅಪ್ಪಳಿಸಿತು. ಸತ್ತವರು 64 ಮಂದಿ ಎಂದು ಅಲ್ಲಿನ ಸರ್ಕಾರ ತಿಂಗಳುಗಟ್ಟಲೆ ಹೇಳುತ್ತ ಬಂತು. ಮರುವರ್ಷದ ಆಗಸ್ಟ್ ಕೊನೆಯಲ್ಲಿ, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಹೊರಬಂದ ಬಳಿಕ, ಅದೇ ಸರ್ಕಾರ ಆ ಸಂಖ್ಯೆಯನ್ನು 2,975 ಎಂದು ಒಪ್ಪಿಕೊಂಡಿತು. ಮೊದಲ ಲೆಕ್ಕದಲ್ಲಿ ಸೇರಿದ್ದವರು ಬಹುತೇಕ ಗಾಳಿ, ನೀರು, ಮಣ್ಣುಗಳಿಗೆ ನೇರವಾಗಿ ಬಲಿಯಾದವರು. ನಂತರ ಸೇರಿದವರಲ್ಲಿ ಮುದುಕರು ಮತ್ತು ಬಡವರೇ ಹೆಚ್ಚು. ಬಿರುಗಾಳಿ ನಿಂತ ಮೇಲೂ ವಿದ್ಯುತ್ ಬಾರದೆ, ರಸ್ತೆ ತೆರೆಯದೆ, ಔಷಧಿ ಸಿಗದೆ ಫೆಬ್ರುವರಿಯವರೆಗೂ ಅಲ್ಲಿ ಸಾವುಗಳು ಎಂದಿಗಿಂತ ಹೆಚ್ಚಾಗಿಯೇ ಇದ್ದವು.

ಆ ಸಂಖ್ಯೆ ಬದಲಾದ ಆಗಸ್ಟ್ ತಿಂಗಳಲ್ಲೇ ನಮ್ಮ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲಗಳ ಬೆಟ್ಟಗಳು ಕುಸಿದದ್ದು. ಮಡಿಕೇರಿ–ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮರುವರ್ಷದ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಬರೆ (ಬೆಟ್ಟದ ಕಡಿದಾದ ಮಣ್ಣಿನ ಇಳಿಜಾರು) ಕುಸಿಯಿತು, ಕರಡಿಗೋಡು ಮತ್ತು ನೆಲ್ಯಹುದಿಕೇರಿಗಳಲ್ಲಿ ಕಾವೇರಿ ದಡದ ಮನೆಗಳು ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಜಾರಿದಾಗ ಭಾಗಮಂಡಲವೇ ಜಲಾವೃತವಾಗಿದ್ದು, ರಕ್ಷಣೆಗೆ ಬಂದವರು ಅಲ್ಲಿಂದ ಮುಂದೆ ಹೋಗಲು ಪರದಾಡಬೇಕಾಯಿತು. ಸಮುದ್ರ ಕಾಣದ ಈ ಜಿಲ್ಲೆಯಲ್ಲಿ ಮಳೆಗಾಲದ ಕೆಲವು ದಿನ ಎಷ್ಟೋ ಊರುಗಳು ಅಕ್ಷರಶಃ ದ್ವೀಪಗಳಾಗುತ್ತವೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ತಿಂಗಳಿಡೀ ಹಂಚಿ ಸುರಿಯುತ್ತಿದ್ದ ಮಳೆ ನಾಲ್ಕೈದು ದಿನಗಳಲ್ಲಿ ಒಮ್ಮೆಲೇ ಸುರಿಯುವ ಸಂದರ್ಭಗಳು ಇನ್ನು ಕಡಿಮೆಯಾಗಲಾರವು. ಆದ್ದರಿಂದ ದ್ವೀಪದ ಜನ ಕಲಿತದ್ದನ್ನು ನಾವೂ ಕಲಿಯಬೇಕಾಗಿದೆ.

ಪೋರ್ಟೊ ರಿಕೊದ ಪೂರ್ವಕ್ಕೆ ವಿಯೆಕೆಸ್ ಎಂಬ ಇನ್ನೂ ಚಿಕ್ಕ ದ್ವೀಪವಿದೆ; ಆಗ ಅಲ್ಲಿ ಸುಮಾರು 9 ಸಾವಿರ ಜನರಿದ್ದರು. ಮರಿಯಾ ಅಲ್ಲಿನ ಆಸ್ಪತ್ರೆಯನ್ನು ಹಾಳುಗೆಡವಿದ ಮೇಲೆ ಡಯಾಲಿಸಿಸ್ ಬೇಕಾದವರು ವಾರಕ್ಕೆ ಮೂರು ಬಾರಿ ಸಣ್ಣ ವಿಮಾನದಲ್ಲಿ ದೊಡ್ಡ ದ್ವೀಪಕ್ಕೆ ಹೋಗಿಬರಬೇಕಾಯಿತು. ಇದನ್ನು ಓದುವಾಗ ನನಗೆ ಕಣ್ಣಮುಂದೆ ಬರುವುದು ನಮ್ಮ ಹಳ್ಳಿಗಳ ಡಯಾಲಿಸಿಸ್ ರೋಗಿಗಳೇ. ಅವರಿಗೆ ಮಳೆ ನಿಲ್ಲುವವರೆಗೆ ಕಾಯಲು ಆಗುವುದಿಲ್ಲ. ಎರಡು ಸರದಿ ತಪ್ಪಿದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಹೃದ್ರೋಗ, ಕ್ಯಾನ್ಸರ್‌ಗಳ ದೊಡ್ಡ ಚಿಕಿತ್ಸೆಗೆ ಮೈಸೂರು ಅಥವಾ ಮಂಗಳೂರಿಗೆ ಘಾಟಿ ಇಳಿಯಬೇಕಾದವರ ಕಷ್ಟವೂ ಇದೇ. ಇಂಥವರನ್ನು ಮುನ್ನೆಚ್ಚರಿಕೆ ಬಂದ ದಿನವೇ ಆಸ್ಪತ್ರೆಗೆ ಹತ್ತಿರದ ಜಾಗಕ್ಕೆ ಕರೆತರಬೇಕು, ಹೆರಿಗೆಯ ದಿನ ಸಮೀಪಿಸಿದ ಗರ್ಭಿಣಿಯರನ್ನೂ ಕೂಡ. ಬರೆ ಕುಸಿದ ಮೇಲೆ ತೊಟ್ಟಿಲು ಕಟ್ಟಿ ಹೊತ್ತು ತರುವುದು ಸಾಹಸವೇ ಹೌದು, ಆದರೆ ಆ ಸಾಹಸಕ್ಕೆ ಅವಕಾಶವೇ ಇಲ್ಲದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ.

2018ರಲ್ಲಿ ಪರಿಹಾರ ಕೇಂದ್ರದಲ್ಲಿ ನೆರವಿಗೆ ಹೋಗಿದ್ದಾಗ ನಾನು ಕಂಡದ್ದು ಇದನ್ನೇ. ಅಕ್ಕಿ, ಬಟ್ಟೆ, ಕಂಬಳಿ ರಾಶಿ ಬೀಳುತ್ತಿದ್ದವು. ವಯಸ್ಸಾದವರು ಮಾತ್ರ ತಮ್ಮ ಬಿಪಿ ಮಾತ್ರೆಯ ಹೆಸರು ನೆನಪಿಲ್ಲದೆ, ಚೀಟಿ ಮನೆಯ ಜೊತೆಗೇ ಹೋಯಿತೆಂದು ಹೇಳುತ್ತ ಕುಳಿತಿದ್ದರು. ಕಕ್ಕಡಕ್ಕೆ (ಜುಲೈ–ಆಗಸ್ಟ್‌ನ ಕೊಡವ ಮಳೆತಿಂಗಳು) ಮೊದಲೇ ಸೌದೆ, ಒಣಮೀನು, ಅಕ್ಕಿಗಳನ್ನು ಕೂಡಿಡುವ ಜನ ನಾವು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸವನ್ನೂ ತಪ್ಪಿಸುವುದಿಲ್ಲ. ಅದೇ ಶಿಸ್ತಿನಲ್ಲಿ ಒಂದು ತಿಂಗಳ ಮಾತ್ರೆ ಮತ್ತು ಚೀಟಿಯ ಪ್ರತಿ ಮಳೆಗಾಲದ ಮೊದಲೇ ಮನೆಯಲ್ಲಿರಬೇಕು, ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅಷ್ಟನ್ನು ಒಂದೇ ಬಾರಿಗೆ ಕೊಡುವಂತಿರಬೇಕು. ಇನ್ಸುಲಿನ್ ಬಗ್ಗೆ ಒಂದು ಸಮಾಧಾನದ ಮಾತಿದೆ: ಬಳಕೆಯಲ್ಲಿರುವ ಸೀಸೆ ನಮ್ಮ ಆಗಸ್ಟ್‌ನ ಚಳಿಯಲ್ಲಿ ಫ್ರಿಜ್ ಇಲ್ಲದೆಯೂ ಸುಮಾರು ನಾಲ್ಕು ವಾರ ಕೆಡದು. ಕರೆಂಟು ಹೋದರೆ ಹೆದರಬೇಕಿಲ್ಲ, ಸೀಸೆ ಮುಗಿದರೆ ಹೆದರಬೇಕು.

ನೀರಿನ ವಿಚಾರದಲ್ಲಿ ದ್ವೀಪಕ್ಕೂ ಕೊಡಗಿಗೂ ವ್ಯತ್ಯಾಸವಿದೆ. ಹವಳದ ದ್ವೀಪಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಪದರ ಮಾತ್ರ; ಸಮುದ್ರ ಒಮ್ಮೆ ಮೇಲೇರಿದರೆ ಬಾವಿಗಳು ಕೆಡುತ್ತವೆ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕವನ್ನು ಸ್ಥಾಪಿಸಿದ್ದು ಈ ಕಾರಣಕ್ಕೇ. (ಆ ಸಮೂಹದ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ನೆರೆಯ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಲ್ಲಿ ಅನೇಕರಿಗೆ ಮರೆತಿದೆ.) ನಮ್ಮ ಬಾವಿಗಳನ್ನು ಕೆಡಿಸುವುದು ಉಪ್ಪಲ್ಲ, ಪ್ರವಾಹದೊಂದಿಗೆ ಬರುವ ಶೌಚಗುಂಡಿಯ ನೀರು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕೆನ್ನುವುದು ಸಾಮಾನ್ಯ ಲೆಕ್ಕ. ಪ್ರವಾಹ ಹೊಕ್ಕ ಬಾವಿಗೆ ಅದು ಸಾಲದು, ಹಾಕಿದ ಮೇಲೆ ಒಂದು ಗಂಟೆಯಾದರೂ ಬಿಡಬೇಕು, ಆಮೇಲೂ ಕುದಿಸಿಯೇ ಕುಡಿಯಬೇಕು.

ಇಲಿಜ್ವರ ಮರಿಯಾ ನಂತರ ಪೋರ್ಟೊ ರಿಕೊದಲ್ಲೂ, 2018ರ ಪ್ರವಾಹದ ನಂತರ ನೆರೆಯ ಕೇರಳದಲ್ಲೂ ಕಾಣಿಸಿಕೊಂಡಿತು. ಕಾಲಿನ ಸಣ್ಣ ಗಾಯವಿದ್ದರೂ ಕೆಸರುನೀರಿನಿಂದ ಅದರ ರೋಗಾಣು ಒಳಹೋಗುತ್ತದೆ. ಕೆಸರು ತೆಗೆಯುವವರಿಗೆ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವನ್ನು ಕೇರಳ ಆಗ ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತ್ತು. ನಮ್ಮ ಗದ್ದೆ ಮತ್ತು ತೋಟಗಳ ಕೆಲಸಗಾರರಿಗೂ ಅದು ಬೇಕು. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾಮೂಲಿ ಮಳೆಜ್ವರವೆಂದು ಕಾಯಬಾರದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು, ಜನರೇಟರನ್ನು ಮನೆಯೊಳಗೆ ಓಡಿಸುವುದು ಕೂಡ ಕೊಲ್ಲುತ್ತವೆ. ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ.

ಪೋರ್ಟೊ ರಿಕೊದ 2,975 ಎಂಬ ಸಂಖ್ಯೆ ಹೇಗೆ ಸಿಕ್ಕಿತೆಂಬುದೂ ನಮಗೆ ಮುಖ್ಯ. ಬಿರುಗಾಳಿ ಬಾರದಿದ್ದರೆ ಆ ತಿಂಗಳುಗಳಲ್ಲಿ ಎಷ್ಟು ಸಾವು ನಿರೀಕ್ಷಿತವಾಗಿತ್ತೋ ಅದರೊಂದಿಗೆ ನಿಜವಾಗಿ ಆದ ಸಾವುಗಳನ್ನು ಹೋಲಿಸಿ, ದ್ವೀಪ ತೊರೆದು ಹೋದವರ ಲೆಕ್ಕವನ್ನೂ ಸೇರಿಸಿ ಅದನ್ನು ಪಡೆದರು. ಸಾವಿಗೂ ವಿಪತ್ತಿಗೂ ಇರುವ ಸಂಬಂಧವನ್ನು ಪ್ರಮಾಣಪತ್ರದಲ್ಲಿ ಬರೆಯುವ ತರಬೇತಿ ವೈದ್ಯರಿಗಿರಲಿಲ್ಲ ಎಂಬುದೂ ಆಗಲೇ ಹೊರಬಂತು. ಜನನ–ಮರಣ ನೋಂದಣಿ ನಮ್ಮಲ್ಲೂ ಇದೆ. 2018, 2019, 2020ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಕೊಡಗಿನ ದಾಖಲೆಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡುವ ಕೆಲಸಕ್ಕೆ ದೊಡ್ಡ ವೆಚ್ಚವೇನೂ ತಗಲದು, ಮತ್ತು ಅದನ್ನು ಮಾಡಬೇಕೆಂದು ನಾನು ಆಗ್ರಹಿಸುತ್ತೇನೆ.

ಕೊನೆಯದಾಗಿ ಪಟ್ಟಿಯ ವಿಷಯ. ಯಾವ ಮನೆಯಲ್ಲಿ ಡಯಾಲಿಸಿಸ್ ರೋಗಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರು, ಯಾರು ಗರ್ಭಿಣಿ ಎಂಬುದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ, ಆದರೆ ತೋಟಗಳ ಲೈನ್ ಮನೆಗಳಲ್ಲಿ ಕೆಲವೇ ತಿಂಗಳಿರುವ ಅಸ್ಸಾಮಿನ ಕಾರ್ಮಿಕರು, ಹೊಳೆಬದಿಯ ಪೈಸಾರಿ (ಸರ್ಕಾರಿ) ಜಾಗದಲ್ಲಿ ಗುಡಿಸಲು ಹಾಕಿಕೊಂಡವರು ಎಷ್ಟೋ ಬಾರಿ ಯಾವ ಪುಸ್ತಕದಲ್ಲೂ ಸೇರಿರುವುದಿಲ್ಲ. ಪಂಚಾಯಿತಿಗಳು ಮೇ ತಿಂಗಳ ಮಧ್ಯದೊಳಗೆ ಪಟ್ಟಿ ಸಿದ್ಧಪಡಿಸುವಾಗ ಲೈನ್ ಮನೆಗಳ ಬಾಗಿಲನ್ನು ಮೊದಲು ತಟ್ಟಲಿ, ತೋಟದ ಮಾಲೀಕರು ತಮ್ಮ ಕೆಲಸಗಾರರ ಹೆಸರು, ವಯಸ್ಸು, ಕಾಯಿಲೆ, ಅವರ ಭಾಷೆ ಇಷ್ಟನ್ನು ಬರೆದುಕೊಡಲಿ, ಮತ್ತು ಎಚ್ಚರಿಕೆಯ ಸಂದೇಶ ಅವರಿಗೆ ತಿಳಿಯುವ ಭಾಷೆಯಲ್ಲೇ ಹೋಗಲಿ.