ವಾಸನ್ ಶಿಖರದ ಗಾಳಿಯಲ್ಲಿ

ಅರಿಜೋನಾದ ಟೂಸಾನ್ ನಗರದ ಪಶ್ಚಿಮಕ್ಕೆ ಹಬ್ಬಿರುವ ಬೆಟ್ಟಸಾಲಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು 4,687 ಅಡಿಯ ವಾಸನ್ ಶಿಖರ. ಸವಾರೊ ರಾಷ್ಟ್ರೀಯ ಉದ್ಯಾನದೊಳಗಿನ ಈ ಶಿಖರಕ್ಕೆ ಕಿಂಗ್ ಕ್ಯಾನ್ಯನ್ ಹಾದಿಯಲ್ಲಿ ಹೋಗಿಬರಲು ಸುಮಾರು 11 ಕಿಲೋಮೀಟರು ನಡೆಯಬೇಕು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಜೋರು ಗಾಳಿಯ ಮುನ್ಸೂಚನೆಯಿದ್ದ ದಿನ, ನಾನೂ ನನ್ನ ಹೆಂಡತಿಯೂ ಆ ಹಾದಿ ಹಿಡಿದೆವು.

ಮೊದಲ ಭಾಗವು ಹಳೆಯ ಗಣಿಗಳಿಗೆ ಹೋಗುತ್ತಿದ್ದ ಕಲ್ಲು ರಸ್ತೆ. ಸುತ್ತಲಿನ ಗುಡ್ಡಗಳು ಮರೆಯಾಗಿದ್ದುದರಿಂದ ಅಲ್ಲಿ ಗಾಳಿ ಅಷ್ಟಾಗಿ ತಾಗಲಿಲ್ಲ. ಎರಡು ಗುಡ್ಡಗಳ ನಡುವಿನ ತಗ್ಗನ್ನು ಏರಿದೊಡನೆ, ಇಕ್ಕಟ್ಟಿನಲ್ಲಿ ನುಗ್ಗಿ ವೇಗ ಪಡೆದ ಗಾಳಿ ಎದುರಾಯಿತು. ಟೋಪಿಗಳನ್ನು ಚೀಲಕ್ಕೆ ಸೇರಿಸಿ, ಮೈಯನ್ನು ಮುಂದಕ್ಕೆ ಬಾಗಿಸಿ ನಡೆಯಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಗಿಡಗಳು. ಒಕೊಟಿಯೊದ ಉದ್ದನೆಯ ಮುಳ್ಳುಕೋಲುಗಳು ಬುಡದಿಂದಲೇ ತೂಗುತ್ತಿದ್ದವು, ಪಾಲೊ ವರ್ಡೆಯ ಹಸಿರು ಕೊಂಬೆಗಳು ಒಂದೇ ಸಮನೆ ಅಲುಗುತ್ತಿದ್ದವು. ಅವುಗಳ ನಡುವೆ ಮೂವತ್ತು ಅಡಿ ಎತ್ತರದ ಸವಾರೊ ಕಳ್ಳಿಗಳು ಮಾತ್ರ ಅಲುಗಿದ್ದೇ ಕಾಣದು; ಹತ್ತಿರ ಹೋದರೆ ಮುಳ್ಳುಗಳ ನಡುವೆ ಗಾಳಿ ಹಾಯುವ ಸಿಳ್ಳು ಕೇಳುತ್ತಿತ್ತು. ಸೀರೆಯ ನೆರಿಗೆಯಂತೆ ಮಡಿಕೆಗಳಿರುವ ಅದರ ಕಾಂಡವು ಮಳೆಯಾದಾಗ ಹಿಗ್ಗಿ ನೀರು ತುಂಬಿಕೊಳ್ಳುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ. ಹೀಗೆ ಟನ್‌ಗಟ್ಟಲೆ ತೂಗುವ ಗಿಡದ ಬೇರುಗಳಲ್ಲಿ ಹೆಚ್ಚಿನವು ನೆಲದಿಂದ ಕೆಲವೇ ಅಂಗುಲ ಆಳದಲ್ಲಿದ್ದು, ಗಿಡದ ಎತ್ತರದಷ್ಟೇ ದೂರ ಹರಡಿರುತ್ತವೆ. ನೇರ ಕೆಳಗಿಳಿಯುವ ತಾಯಿಬೇರು ಎರಡು ಮೂರು ಅಡಿ ಮಾತ್ರ. ಆದ್ದರಿಂದಲೇ ಒಣನೆಲದ ಮೇಲೆ ಬೀಸುವ ಗಾಳಿಗೆ ಜಗ್ಗದ ಸವಾರೊ, ಮಳೆಗೆ ನೆನೆದು ಮಣ್ಣು ಸಡಿಲವಾದಾಗ ಬೀಸುವ ಬಿರುಗಾಳಿಗೆ ಬುಡಸಮೇತ ಉರುಳಬಲ್ಲದು. ಮೊದಲ ತೋಳು ಮೂಡಲಿಕ್ಕೇ ಐವತ್ತರಿಂದ ಎಪ್ಪತ್ತೈದು ವರ್ಷ ಹಿಡಿಯುವ ಗಿಡವದು ಎಂದು ನೆನೆದಾಗ ಅದರ ಪತನ ನನಗೆ ನಿಜಕ್ಕೂ ನೋವಿನ ಸಂಗತಿ.

ಇಂಥ ಗಾಳಿಯಲ್ಲಿ ಬೆವರು ಮೈ ಒದ್ದೆ ಮಾಡುವ ಮೊದಲೇ ಆರಿಹೋಗುತ್ತದೆ. ಹವೆ ತಂಪಾಗಿದ್ದರೆ ಬಾಯಾರಿಕೆಯೂ ಬೇಗ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ತಿರುವಿನಲ್ಲೂ ನಿಂತು ನೀರು ಕುಡಿಯುವುದು ಅಗತ್ಯವೆಂದೇ ನನ್ನ ಅಭಿಪ್ರಾಯ.

ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಈಶಾನ್ಯಕ್ಕೆ ಸಾಂಟಾ ಕ್ಯಾಟಲೀನಾ ಪರ್ವತಗಳು, ನೈಋತ್ಯಕ್ಕೆ ವೀಕ್ಷಣಾಲಯವಿರುವ ಕಿಟ್ ಪೀಕ್ ಕಂಡವು.

ಇಳಿಯುವಾಗ ಹಾದಿಯ ಪಕ್ಕದಲ್ಲಿ ಉರುಳಿಬಿದ್ದ ಸವಾರೊ ಒಂದಿತ್ತು. ತಿರುಳೆಲ್ಲ ಕೊಳೆತುಹೋಗಿ, ಒಳಗಿನ ಮರದ ಗಳುಗಳಷ್ಟೇ ಉಳಿದಿದ್ದವು. ಈ ಮರುಭೂಮಿಯ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರು ಇಂಥ ಗಳುಗಳನ್ನೇ ಜೋಡಿಸಿ ಉದ್ದನೆಯ ದೋಟಿ ಮಾಡಿಕೊಂಡು, ಬೇಸಿಗೆಯಲ್ಲಿ ನಿಂತಿರುವ ಸವಾರೊಗಳ ತುದಿಯಿಂದ ಕೆಂಪು ಹಣ್ಣುಗಳನ್ನು ಕೆಡಹುತ್ತಾರೆ.