ಕಪ್ಪೆಯ ತೊಡೆಯಿಂದ ಬಂದ ಸಮೀಕರಣ

ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಕಂಪ್ಯೂಟರಿನಲ್ಲಿ ಕಾಲು ನಡೆಸುತ್ತೇನೆ" ಎನ್ನುತ್ತೇನೆ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಈಗ ಮಂಡಿಗೆ ಕಟ್ಟುವ ಸಾಧನಗಳ ಸಿಮ್ಯುಲೇಶನ್ ಮಾಡುತ್ತೇನೆ. ಬಳಸುವುದು ಓಪನ್‌ಸಿಮ್ ಎಂಬ ಉಚಿತ ಸಾಫ್ಟ್‌ವೇರ್. ಅದರಲ್ಲಿ ಗೇಟ್2392 ಅಂತ ಒಂದು ಹಳೆಯ ನಡಿಗೆಯ ಮಾಡೆಲ್ ಇದೆ. ಕೀಲುಗಳು 23 ರೀತಿಯಲ್ಲಿ ಆಡುತ್ತವೆ, ಅವನ್ನು ಎಳೆಯಲು 92 ಸ್ನಾಯುಗಳು. ಆ 92ರ ಒಳಗೂ ಇರುವುದು ಬ್ರಿಟಿಷ್ ಶರೀರಶಾಸ್ತ್ರಜ್ಞ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ತೊಡೆಯ ಸ್ನಾಯುವನ್ನು ಅಳೆದು ಬರೆದ ಸಮೀಕರಣದ ವಂಶವೇ.

ನನಗೆ ಹಿಲ್‌ಗಿಂತ ಜಾಸ್ತಿ ಇಷ್ಟ ವ್ಯಾಲೇಸ್ ಫೆನ್. 1920ರ ದಶಕದ ಆರಂಭದಲ್ಲಿ ಹಿಲ್ ಅವರ ನಂಬಿಕೆ ಬೇರೆ ಇತ್ತು: ಪ್ರಚೋದನೆ ಸಿಕ್ಕ ಸ್ನಾಯು ಎಳೆದಿಟ್ಟ ಸ್ಪ್ರಿಂಗ್ ಆಗಿಬಿಡುತ್ತದೆ, ಇರುವ ಶಕ್ತಿಯಲ್ಲೇ ಒಂದಷ್ಟು ಒಳಗಿನ ಜಿಗುಟಿನಲ್ಲಿ ಕಳೆದುಹೋಗುತ್ತದೆ. ಅವರ ಬಳಿ ಕೆಲಸ ಮಾಡಲು ಅಮೆರಿಕದಿಂದ ಬಂದಿದ್ದ ಫೆನ್ ಸ್ನಾಯುವಿನ ಶಾಖ ಅಳೆದರು. ಭಾರ ಎತ್ತುತ್ತಾ ಕುಗ್ಗುವ ಸ್ನಾಯು ಹೆಚ್ಚುವರಿ ಶಕ್ತಿ ಬಿಡುಗಡೆ ಮಾಡುತ್ತಿತ್ತು. ಸ್ಪ್ರಿಂಗ್ ಹಾಗೆ ಮಾಡುವುದಿಲ್ಲ ಅಲ್ವಾ? ಗುರುವಿನ ಮಾಡೆಲ್ ಅಲ್ಲಿಗೆ ಬಿತ್ತು. 1938ರ ಸಮೀಕರಣ ಆ ಜಾಗದಲ್ಲೇ ಎದ್ದದ್ದು.

ಅದು ಹೇಳುವುದು ಇಷ್ಟೇ: ಭಾರ ಹೆಚ್ಚಿದಂತೆ ಸ್ನಾಯು ಕುಗ್ಗುವ ವೇಗ ಕಡಿಮೆಯಾಗುತ್ತದೆ, ಆದರೆ ನೇರ ಗೆರೆಯಲ್ಲಿ ಅಲ್ಲ. ಸ್ನಾಯು ತಡೆಯಬಲ್ಲ ಭಾರದ ಅರ್ಧ ಹೊರಿಸಿದರೆ ವೇಗ ಅರ್ಧವಾಗುವುದಿಲ್ಲ. ಆ ಗೆರೆ ಎಷ್ಟು ಬಾಗಿದೆ ಎಂದು ಹೇಳುವ ಸ್ಥಿರಾಂಕಕ್ಕೆ ಮಾಮೂಲಿ ಬೆಲೆ 0.25 ಹಾಕಿ ಲೆಕ್ಕ ಮಾಡಿ, ಗರಿಷ್ಠ ವೇಗದ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅತಿ ಹೆಚ್ಚು ಪವರ್ ಸಿಗುವುದು ಬಲವೂ ವೇಗವೂ ಗರಿಷ್ಠದ ಸುಮಾರು 0.31ರಷ್ಟು ಇದ್ದಾಗ. ಸೈಕಲ್ಲಿನ ಗೇರ್ ಬದಲಿಸುವಾಗ ನಾವು ಗೊತ್ತಿಲ್ಲದೆ ಹುಡುಕುವುದು ಹೆಚ್ಚುಕಮ್ಮಿ ಇದೇ ಜಾಗವನ್ನು.

ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ 1957ರಲ್ಲಿ ಆಂಡ್ರ್ಯೂ ಹಕ್ಸ್ಲಿ ಕೊಟ್ಟರು. ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಹಗ್ಗ ಎಳೆಯುವ ಕೈಗಳಂತೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು, ಎಳೆದು, ಬಿಡುತ್ತವೆ. ಎಳೆ ಜೋರಾಗಿ ಸರಿದರೆ ಹಿಡಿಯಲು ಸಮಯ ಸಾಲದು. ಚೆಂದದ ಮಾಡೆಲ್, ಆದರೆ 92 ಸ್ನಾಯುಗಳಿಗೂ ಅದನ್ನು ಹಾಕಿದರೆ ಲೆಕ್ಕ ಬಹಳ ಭಾರ. ಹಾಗಾಗಿ ನಾವೆಲ್ಲ ಹಿಲ್ ಹತ್ತಿರವೇ ಉಳಿದಿದ್ದೇವೆ.

ಅಲ್ಲೂ ಒಂದು ತಮಾಷೆ ಇದೆ. ಸ್ನಾಯು ಪೂರ್ತಿ ಸುಮ್ಮನಿದ್ದರೆ ಲೆಕ್ಕದಲ್ಲಿ ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬರುತ್ತದೆ. ಅದಕ್ಕೇ ಸಾಮಾನ್ಯವಾಗಿ ಪ್ರಚೋದನೆಯನ್ನು (ಪೂರ್ತಿ ಇದ್ದರೆ 1) 0.01ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ನಮ್ಮ ಮಾಡೆಲ್ ಮನುಷ್ಯನಿಗೆ ನಿದ್ದೆಯಲ್ಲೂ ಪೂರ್ತಿ ವಿಶ್ರಾಂತಿ ಇಲ್ಲ!

ನನ್ನ ನಿಜವಾದ ತಕರಾರು ಇಳಿಯುವುದರ ಬಗ್ಗೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮಾರನೇ ದಿನ ತೊಡೆ ನೋಯುವುದು ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತದೆ. ಹಿಲ್ ಸಮೀಕರಣ ಬರೆದದ್ದು ಕುಗ್ಗುವ ಸ್ನಾಯುವಿಗೆ. ಹಿಗ್ಗುವ ಕಡೆಗೆ ಬೇರೊಂದು ವಕ್ರರೇಖೆಯನ್ನು ನಾವೇ ಅಂಟಿಸುತ್ತೇವೆ. ಜೊತೆಗೆ, ಹಾಗೆ ಹಿಗ್ಗಿಸಿ ನಿಲ್ಲಿಸಿದ ಸ್ನಾಯು, ಅದೇ ಉದ್ದದಲ್ಲಿ ಮೊದಲಿನಿಂದ ಇದ್ದ ಸ್ನಾಯುವಿಗಿಂತ ಹೆಚ್ಚು ಬಲ ಕೊಡುತ್ತದೆ. ಇದನ್ನು ಅಬಟ್ ಮತ್ತು ಓಬರ್ 1952ರಲ್ಲೇ ತೋರಿಸಿದ್ದರು. ಇದಕ್ಕೆ ಕಾರಣ ಸ್ನಾಯುವಿನಲ್ಲಿರುವ ಟೈಟಿನ್ ಎಂಬ ದೊಡ್ಡ ಪ್ರೋಟೀನ್ ಇರಬಹುದು ಎಂದು ಹಲವರಿಗೆ ಅನುಮಾನ. ನಮ್ಮ ಮಾಡೆಲ್ಲಿಗೆ ಗೊತ್ತಿರುವುದು ಈ ಕ್ಷಣದ ಉದ್ದ, ವೇಗ, ಪ್ರಚೋದನೆ ಮಾತ್ರ. ಸ್ವಲ್ಪ ಹೊತ್ತಿನ ಹಿಂದೆ ಏನಾಯಿತು ಅನ್ನುವ ನೆನಪು ಅದಕ್ಕಿಲ್ಲ.

ಆದ್ದರಿಂದ, ಸ್ನಾಯು ಹೆಚ್ಚಾಗಿ ಕುಗ್ಗುತ್ತಲೇ ಕೆಲಸ ಮಾಡುವ ಸೈಕಲ್ ತುಳಿಯುವುದರ ಫಲಿತಾಂಶವನ್ನು ಧೈರ್ಯವಾಗಿ ವರದಿಗೆ ಹಾಕುತ್ತೇನೆ. ಮೆಟ್ಟಿಲಿಳಿಯುವ ಮಂಡಿಯ ಲೆಕ್ಕವಾದರೆ, ಆ ವಕ್ರರೇಖೆಯನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ ಮತ್ತೆ ಓಡಿಸುತ್ತೇನೆ. ಉತ್ತರ ಜಾಸ್ತಿ ಅಲುಗಾಡಿದರೆ ಆ ಅಂಕಿಯನ್ನು ಡಿಸೈನ್ ಮಾಡುವವರ ಕೈಗೆ ಕೊಡುವುದಿಲ್ಲ.